ನೂರ ಹದಿನೆಂಟು ಡಿಗ್ರಿಗೆ ಕುದಿದ ನೀರು

ಕೆಲವರಿಗೆ ಸುಮ್ಮನೆ ಕೂರುವುದು ಹುಟ್ಟಿನಿಂದಲೇ ಗೊತ್ತಿರುತ್ತದೆ. ನನಗೆ ಅದು ಈವರೆಗೂ ಬಂದಿಲ್ಲ. ಏನಾದರೂ ಬಿಸಿಯಾಗುತ್ತಿದೆ ಎಂದರೆ, ಎಷ್ಟು ಬಿಸಿಯಾಯಿತು ಎಂದು ತಿಳಿಯುವವರೆಗೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ನಮ್ಮ ಫ್ರಿಜ್ಜಿನಲ್ಲಿ ಒಂದು ಥರ್ಮಾಮೀಟರ್ ಇದೆ, ಗೀಸರ್ ಪಕ್ಕ ಒಂದಿದೆ, ಹಾಲಿಗೆ ಹೆಪ್ಪು ಹಾಕುವ ಪಾತ್ರೆಗೆಂದೇ ಇನ್ನೊಂದಿದೆ. ಹೋದ ವರ್ಷ ನಮ್ಮವರಿಗೆ ಜ್ವರ ಬಂದಾಗ ಮೂರು ಥರ್ಮಾಮೀಟರ್ ಇಟ್ಟು ನೋಡಿದೆ. ಮೂರರ ನಡುವೆ ಅರ್ಧ ಡಿಗ್ರಿ ವ್ಯತ್ಯಾಸ ಬಂತು. ಅವುಗಳಲ್ಲಿ ಯಾವುದು ಸುಳ್ಳು ಹೇಳುತ್ತಿದೆ ಎಂದು ಪತ್ತೆ ಹಚ್ಚುತ್ತ ಕೂತೆ. ಅಷ್ಟರಲ್ಲಿ ಜ್ವರ ತಾನಾಗಿಯೇ ಇಳಿದಿತ್ತು. "ನಿನಗ ಬೇಕಾಗಿದ್ದು ನನ್ನ ಜ್ವರಾ ಅಲ್ಲ, ಅದರ ನಂಬರ್" ಎಂದು ಅವರು ಚಾದರ ಎಳೆದುಕೊಂಡು ಆ ಕಡೆ ಹೊರಳಿದರು. ಧಾರವಾಡದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಮನುಷ್ಯ. ಸಿಟ್ಟು ಬಂದರೂ ಇಷ್ಟೇ ಮಾತು.

ಇದು ನನ್ನ ಚಟ ಎಂದು ಅವರು ಹೇಳುತ್ತಾರೆ, ಹೊಟ್ಟೆಪಾಡು ಎಂದು ನಾನು ಹೇಳುತ್ತೇನೆ. ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ. ಅಲ್ಲಿ ಗೇರು, ಶಾಫ್ಟು, ಬೋಲ್ಟುಗಳನ್ನು ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ. ಭಟ್ಟಿಯ ಬಿಸಿ ತೋರಿಸುವ ಗೇಜುಗಳು ನಿಜ ಹೇಳುತ್ತಿವೆಯೋ ಇಲ್ಲವೋ ಎಂದು ಪರೀಕ್ಷಿಸುವವಳು ನಾನು. ನಿಜ ಹೇಳಿದ ಗೇಜಿಗೆ ಒಂದು ಹಸಿರು ಸ್ಟಿಕ್ಕರ್, ಅದರ ಮೇಲೆ ನನ್ನ ಸಹಿ. ಸುಳ್ಳು ಹೇಳಿದ್ದಕ್ಕೆ ಕೆಂಪು ಸ್ಟಿಕ್ಕರ್, ಅದರ ಮೇಲೆ 'ಬಳಸಬಾರದು' ಎಂಬ ಅಚ್ಚು. ಇಪ್ಪತ್ತೆರಡು ವರ್ಷದಿಂದ ಇದೇ. ನನ್ನ ಹಸಿರು ಸ್ಟಿಕ್ಕರ್ ಇಲ್ಲದೆ ಅಲ್ಲಿ ಒಂದು ಭಟ್ಟಿಯೂ ಹೊತ್ತುವುದಿಲ್ಲ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಒಂದು ಪಾಠ ಹೇಳುತ್ತೇನೆ: "ಭಟ್ಟಿ ಬೈಯೂಕಿಂತ ಮೊದಲ ಗೇಜ್ ಬೈರಿ." ಅಂದರೆ ಬಿಸಿ ಹೆಚ್ಚಾಯಿತು ಎಂದು ಗೇಜು ಹೇಳಿದರೆ ಮೊದಲು ಗೇಜನ್ನೇ ಅನುಮಾನಿಸಬೇಕು. ಈ ಮಾತನ್ನು ನಾನು ನಿದ್ದೆಯಲ್ಲೂ ಹೇಳುತ್ತೇನಂತೆ.

ಇಂಥ ನಾನು ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಟರ್ಬೊ ಕಾರು ಕೊಂಡೆ. ಸೆಕೆಂಡ್ ಹ್ಯಾಂಡ್, ಕೆಂಪು ಬಣ್ಣ. ನೋಡಲು ನಮ್ಮ ಬೈರಿದೇವರಕೊಪ್ಪದ ಉಳಿದ ಚಿಕ್ಕ ಕಾರುಗಳ ಹಾಗೆಯೇ ಇದೆ. ಪೆಡಲ್ ಒತ್ತಿದಾಗಷ್ಟೇ ಅದರ ಬುದ್ಧಿ ಗೊತ್ತಾಗುವುದು. ಮನೆಗೆ ತಂದ ದಿನ ಪಕ್ಕದ ಮನೆಯ ಶಾಂತಕ್ಕ ಕಾಯಿಪಲ್ಲೆ ಚೀಲ ಹಿಡಿದು ನಿಂತು ನೋಡಿದರು. "ಮಗಳಿಗೇನ್ರಿ?" ಎಂದರು. "ಅಲ್ರಿ, ನನಗ" ಎಂದೆ. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು, "ಹೌದ್ರಿ?" ಎಂದರು. ಆ 'ಹೌದ್ರಿ' ಎಷ್ಟು ಉದ್ದ ಇತ್ತೆಂದರೆ ನಾನು ಗಾಡಿ ಒಳಗೆ ತಂದು, ಗೇಟು ಹಾಕಿ, ಚಪ್ಪಲಿ ಬಿಟ್ಟು ಒಳಗೆ ಹೋದರೂ ಮುಗಿದಿರಲಿಲ್ಲ.

ಟರ್ಬೊ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಎರಡೇ ಮಾತು. ಇಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಸುಮ್ಮನೆ ಸೈಲೆನ್ಸರಿಗೆ ಹೋಗಿ ಹಾಳಾಗುವ ಬದಲು ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಆ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲು ಹೆಚ್ಚು, ಪೆಟ್ರೋಲು ಹೆಚ್ಚಾದರೆ ಓಟ ಹೆಚ್ಚು, ಜೊತೆಗೆ ಹೊಗೆಯ ಬಿಸಿಯೂ ಹೆಚ್ಚು. ಅದು ಒಂಬೈನೂರೈವತ್ತು ಡಿಗ್ರಿ ದಾಟಿ ಅಲ್ಲೇ ನಿಂತಿತೋ, ಚಕ್ರದ ಎಸಳು ಕೆಡುತ್ತವೆ, ವಾಲ್ವು ಸುಡುತ್ತವೆ. ಆಮೇಲೆ ಅದು ಕಾರಲ್ಲ, ಕೆಂಪು ಬಣ್ಣದ ಕಬ್ಬಿಣ. ಆದ್ದರಿಂದ ಇಂಥ ಕಾರು ಇಟ್ಟುಕೊಂಡವರು ಹೊಗೆಯ ಬಿಸಿ ತೋರಿಸುವ ಒಂದು ಗೇಜು ಹಾಕಿಸುತ್ತಾರೆ. ಬೇರೆಯವರು ಕಾರಿನ ಸಲುವಾಗಿ ಗೇಜು ಹಾಕಿಸುತ್ತಾರೆ. ನಾನು ಗೇಜಿನ ಸಲುವಾಗಿ ಕಾರು ಕೊಂಡೆನೇನೋ ಎಂದು ನಮ್ಮವರಿಗೆ ಅನುಮಾನ. ನನಗೂ ಆಗಾಗ ಹಾಗೆ ಅನಿಸುವುದುಂಟು.

ಈಗ ಮೌಲಾಲಿ ಉಸ್ತಾದರ ವಿಷಯ ಹೇಳಬೇಕು. ಗೋಕುಲ ರಸ್ತೆಯ ಒಳಗಲ್ಲಿಯಲ್ಲಿ ತಗಡಿನ ಶೆಡ್ಡು ಅವರದು. ಹನ್ನೊಂದು ವರ್ಷದಿಂದ ನಮ್ಮ ಮನೆಯ ಗಾಡಿಗಳನ್ನು ಮುಟ್ಟುವವರು ಅವರೊಬ್ಬರೇ. ಲ್ಯಾಪ್‌ಟಾಪ್ ಹಚ್ಚಿ ಇಂಜಿನ್ನಿನ ಕಂಪ್ಯೂಟರ್ ತಿದ್ದುವುದನ್ನು ಐವತ್ತು ದಾಟಿದ ಮೇಲೆ ಕಲಿತರು. ಆದರೆ ನಿಜವಾದ ವಿದ್ಯೆ ಕಿವಿಯಲ್ಲಿದೆ. ಕಣ್ಣು ಮುಚ್ಚಿಕೊಂಡು ಬಾನೆಟ್ಟಿನ ಮೇಲೆ ಬಾಗಿ ನಿಂತರೆ ಯಾವ ಬೋಲ್ಟು ಸಡಿಲಾಗಿದೆ ಎಂದು ಹೇಳುತ್ತಾರೆ. ಮಗಳ ಪರೀಕ್ಷೆಯ ದಿನ ನಮ್ಮ ಹಳೆಯ ಗಾಡಿ ಮುಷ್ಕರ ಹೂಡಿದಾಗ, ಫೋನು ಮಾಡಿದ ಹತ್ತು ನಿಮಿಷಕ್ಕೆ ಲುಂಗಿಯಲ್ಲೇ ಬೈಕು ಹತ್ತಿ ಬಂದು, "ಗಾಡಿ ಆಮ್ಯಾಲೆ ನೋಡೂಣ್ರಿ ಅಕ್ಕಾರ" ಎಂದು ಅವಳನ್ನು ಹಿಂದೆ ಕೂರಿಸಿಕೊಂಡು ಸೆಂಟರಿಗೆ ಬಿಟ್ಟು ಬಂದವರು. ಆವತ್ತಿನಿಂದ ಅವಳ ಪಾಲಿಗೆ ಅವರು ಉಸ್ತಾದ್ ಮಾಮಾ. ನನ್ನನ್ನು ಅವರು ಅಕ್ಕಾರ ಎನ್ನುತ್ತಾರೆ, ನನಗಿಂತ ಏಳೆಂಟು ವರ್ಷ ದೊಡ್ಡವರಾದರೂ.

ಕೆಂಪು ಕಾರಿನ ಕಂಪ್ಯೂಟರನ್ನು ಅವರು ಇನ್ನಷ್ಟು ಚುರುಕು ಮಾಡಿಕೊಟ್ಟರು. ಆಗ ನಾನು ಗೇಜಿನ ಮಾತು ತೆಗೆದೆ. ಉಸ್ತಾದರಿಗೆ ಅದು ಅಷ್ಟಾಗಿ ಸೇರಲಿಲ್ಲ.

"ಮುಳ್ಳ ನೋಡಕೋಂತ ಹೊಂಟ್ರ ರಸ್ತಾ ಯಾರ ನೋಡವ್ರು ಅಕ್ಕಾರ? ಎಷ್ಟ ಏರಿಸಬೇಕೋ ಅಷ್ಟ ಏರಿಸೇನಿ. ನೀವು ಕಿವಿಲೆ ಕೇಳ್ರಿ, ಸಾಕು."

"ನಿಮ್ಮ ಕಿವಿ ನನ್ನ ಗಾಡ್ಯಾಗ ಇರೂದಿಲ್ಲಲ್ರಿ ಉಸ್ತಾದ್. ನನಗ ನಂಬರ್ ಬೇಕು."

ಗೇಜು ತರಿಸಿದೆ. ದುಂಡಗೆ, ಕಪ್ಪಗೆ, ಮುಳ್ಳೂ ಉಂಟು, ಅಂಕಿಯೂ ಉಂಟು. ಅದರ ಜೊತೆ ಬಿಸಿ ಹಿಡಿಯುವ ಕಡ್ಡಿಯೊಂದು ಬಂದಿತ್ತು, ಊದಿನಕಡ್ಡಿಯಷ್ಟು ಸಪೂರ. ಅದನ್ನು ನೋಡಿ ನನಗೆ ನಗು ಬಂತು. ಈ ಕಡ್ಡಿಗಳ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳಗೆ ಎರಡು ಬೇರೆ ಬೇರೆ ಲೋಹದ ತಂತಿ, ತುದಿಯಲ್ಲಿ ಕೂಡಿಸಿರುತ್ತಾರೆ. ಯಾವ ಲೋಹದ ಜೋಡಿ ಎಂಬುದರ ಮೇಲೆ ಅವುಗಳಲ್ಲಿ ಜಾತಿಗಳು. ನಮ್ಮಲ್ಲಿ ಓಡುವುದು ಎರಡು, ಒಂದು ಜೆ, ಒಂದು ಕೆ. ನಾನು ತರಿಸಿದ ಗೇಜು ಕೆ ಜಾತಿಯದು. ಕೆ ಗೇಜಿಗೆ ಜೆ ಕಡ್ಡಿ ಹಾಕಿದರೆ ಇದ್ದದ್ದಕ್ಕಿಂತ ಬಹಳ ಹೆಚ್ಚು ತೋರಿಸುತ್ತದೆ, ಅದೂ ಎಳ್ಳಷ್ಟೂ ಅಳುಕಿಲ್ಲದೆ. ತಪ್ಪಬಾರದು ಎಂದೇ ಪ್ಲಗ್ಗಿಗೆ ಬಣ್ಣ ಇರುತ್ತದೆ, ಕೆಗೆ ಹಳದಿ, ಜೆಗೆ ಕಪ್ಪು. ಈ ಎರಡನ್ನು ಅದಲು ಬದಲು ಮಾಡಿದ ಹೊಸಬರಿಗೆ ನಾನು ಬೈದದ್ದು ಅಷ್ಟಿಷ್ಟಲ್ಲ. ಒಬ್ಬ ಹುಡುಗಿ ಅತ್ತೇ ಬಿಟ್ಟಿದ್ದಳು.

ನನ್ನ ಕಾರ್ಖಾನೆಯ ಮೇಜಿನ ಡ್ರಾಯರಿನಲ್ಲಿ ಹಳೆಯ ಭಟ್ಟಿಯೊಂದರ ಕಡ್ಡಿ ಇತ್ತು. ಗುಜರಿಗೆ ಹೋಗುವುದಿತ್ತು. ಮ್ಯಾನೇಜರನ್ನು ಕೇಳಿ ತಂದೆ. ದಪ್ಪ, ಗಟ್ಟಿಮುಟ್ಟು, ಭಟ್ಟಿಯಲ್ಲಿ ಬದುಕಿ ಬಂದದ್ದು. ತುದಿಗೆ ಹಳದಿ ಪ್ಲಗ್ಗು. ಹಳದಿ ನೋಡಿದೆ, ಸಾಕಾಯಿತು.

"ಪೆಟ್ಟಿಗ್ಯಾಗ ಬಂದದ್ದ ಛಲೋ ಐತ್ರಿ ಅಕ್ಕಾರ. ಗೇಜಿನ ಜೋಡಿನ ಬಂದೈತಿ" ಎಂದರು ಉಸ್ತಾದ್.

"ಉಸ್ತಾದ್, ಇಂಜಿನ್ ನಿಮ್ಮದು, ಬಿಸಿ ನಂದು" ಎಂದೆ.

ಅವರು ಟರ್ಬೊಗಿಂತ ಮುಂಚಿನ ಹೊಗೆ ಕೊಳವೆಗೆ ದೊಡ್ಡ ತೂತು ಕೊರೆದು, ನಟ್ಟು ಬೆಸೆದು, ನನ್ನ ದಪ್ಪ ಕಡ್ಡಿಯನ್ನು ಕೂರಿಸಿದರು. ಸಪೂರ ಕಡ್ಡಿಯನ್ನು ಅರಿವೆಯಲ್ಲಿ ಸುತ್ತಿ ತಮ್ಮ ಡಬ್ಬಿಯಲ್ಲಿ ಇಟ್ಟುಕೊಂಡರು. ಮಾರನೆಯ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಕೀಲಿ ತಿರುಗಿಸಿ ನೋಡಿದೆ. ಹೊರಗೆ ಇಪ್ಪತ್ತೇಳು ಡಿಗ್ರಿ, ಗೇಜಿನಲ್ಲೂ ಇಪ್ಪತ್ತೇಳು. ಚೀಲದಿಂದ ಹಸಿರು ಸ್ಟಿಕ್ಕರ್ ತೆಗೆದು, ಸಹಿ ಹಾಕಿ, ಗೇಜಿನ ಹಿಂಭಾಗಕ್ಕೆ ಅಂಟಿಸಿದೆ. ತಣ್ಣಗಿರುವಾಗ ಎಲ್ಲ ಜಾತಿಯ ಕಡ್ಡಿಯೂ ನಿಜವನ್ನೇ ಹೇಳುತ್ತದೆ, ಬಿಸಿಯಲ್ಲಿ ನೋಡದೆ ಸಹಿ ಮಾಡಬಾರದು ಎಂಬುದು ನಾನೇ ಬರೆದು ಗೋಡೆಗೆ ಹಚ್ಚಿದ ನಿಯಮ. ಆದರೆ ಇದು ನನ್ನ ಸ್ವಂತದ್ದು ತಾನೇ, ಹಚ್ಚಿದವಳೂ ನಾನೇ ತಾನೇ ಎಂದು ಬಿಟ್ಟೆ.

ಆವತ್ತಿನಿಂದ ನನ್ನ ನೆಮ್ಮದಿಗೆ ಕೊಳ್ಳಿ ಬಿತ್ತು. ಅಲ್ಲಿಯವರೆಗೆ ನಾನು ಚೆನ್ನಾಗಿಯೇ ಗಾಡಿ ಓಡಿಸುತ್ತಿದ್ದೆ. ಈಗ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಮುಳ್ಳಿನ ಮೇಲೆ. ಟೆಂಪೊ ಒಂದನ್ನು ಹಿಂದೆ ಹಾಕೋಣ ಎಂದು ಪೆಡಲ್ ಒತ್ತಿದರೆ ಎಂಟುನೂರ ಎಪ್ಪತ್ತು. ಕಾಲು ತೆಗೆಯುತ್ತಿದ್ದೆ. ಕಾಲು ತೆಗೆದರೆ ಹಿಂದಿನ ಬಸ್ಸು ಹಾರನ್ ಹೊಡೆಯುತ್ತಿತ್ತು. ಹಾರನ್ನಿಗೆ ಬೆದರಿ ಮತ್ತೆ ಒತ್ತಿದರೆ ಮತ್ತೆ ಏರುತ್ತಿತ್ತು. ಹೀಗೆ ಒತ್ತುತ್ತ ಬಿಡುತ್ತ ತಾರಿಹಾಳ ಮುಟ್ಟುವಷ್ಟರಲ್ಲಿ ನನ್ನ ಬೆನ್ನೆಲ್ಲ ಬೆವೆತಿರುತ್ತಿತ್ತು. ಓಡುವ ಕಾರು ಎಂದು ಕೊಂಡದ್ದನ್ನು ಹಾಲಿನ ಕ್ಯಾನು ಕಟ್ಟಿಕೊಂಡ ಸ್ಕೂಟರುಗಳು ದಾಟಿ ಹೋಗತೊಡಗಿದವು. ಒಮ್ಮೆ ಒಬ್ಬ ಹಾಲಿನವ ದಾಟುವಾಗ ತಿರುಗಿ, ಮರುಕದಿಂದ ನೋಡಿದ.

ನಮ್ಮವರಿಗೆ ಮಾತ್ರ ಈ ಗೇಜು ಬಹಳ ಹಿಡಿಸಿತು. ಅವರಿಗೆ ಅಂಕಿ ಎಂದರೆ ಇಸವಿ. ಎಡಗಡೆ ಸೀಟಿನಲ್ಲಿ ಕೂತು ಮುಳ್ಳನ್ನು ಓದುವುದೇ ಅವರ ಹೊಸ ಕೆಲಸವಾಯಿತು. ಸಿಗ್ನಲ್ಲಿನಲ್ಲಿ ನಿಂತರೆ, "ನಾನೂರಾ ಅರವತ್ತು, ಕದಂಬರು." ಉಣಕಲ್ಲಿನ ಹತ್ತಿರ ಸ್ವಲ್ಪ ಒತ್ತಿದರೆ, "ಎಂಟನೂರಾ ಎಪ್ಪತ್ತು, ರಾಷ್ಟ್ರಕೂಟರು. ಇವರು ಶಾಂತ ಮಂದಿ, ಸಾವಕಾಶ ಹೋಗು." ನನಗೆ ಮೈ ಉರಿಯುತ್ತಿತ್ತು. ಅವರ ಪಾಲಿಗೆ ಆಗಿ ಹೋದ ರಾಜರು, ನನ್ನ ಪಾಲಿಗೆ ಕರಗಲಿರುವ ಟರ್ಬೊ.

ನಮ್ಮದೊಂದು ರವಿವಾರದ ಬಳಗ ಇದೆ. ನಮ್ಮೂರು, ಧಾರವಾಡ ಎರಡೂ ಊರಿನ ಹತ್ತು ಹನ್ನೆರಡು ಟರ್ಬೊ ಕಾರಿನವರು, ಎಲ್ಲರೂ ಉಸ್ತಾದರ ಗಿರಾಕಿಗಳು. ತಿಂಗಳಿಗೊಮ್ಮೆ ನಸುಕಿನಲ್ಲಿ ಹೊರಟು ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು, ಮತ್ತೆ ಏರಿ, ಯಲ್ಲಾಪುರದಲ್ಲಿ ತಿಂಡಿ ತಿಂದು ಬರುವುದು. ಗಾಡಿಯ ನಿಜವಾದ ಪರೀಕ್ಷೆ ಏರುವಾಗಲೇ. ಆವತ್ತು ಉಸ್ತಾದರೂ ಬಂದಿದ್ದರು, ನನ್ನ ಹಿಂದೆಯೇ ಇದ್ದ ಹಲ್ಲಿನ ಡಾಕ್ಟರೊಬ್ಬರ ನೀಲಿ ಕಾರಿನಲ್ಲಿ. ನನ್ನ ಕಾರಿಗೆ ಮಾಡಿದ ಕೆಲಸವನ್ನೇ ತಮ್ಮ ಕಾರಿಗೂ ಮಾಡಿಸಬೇಕೆಂದು ಆ ಡಾಕ್ಟರು ಮುಂದಿನ ವಾರಕ್ಕೆ ದಿನ ಗೊತ್ತು ಮಾಡಿದ್ದರು. ಅವರದನ್ನು ನೋಡಿ ಇನ್ನಿಬ್ಬರು ತಯಾರಿದ್ದರು. ಉಸ್ತಾದರಿಗೆ ಇದು ಬಹಳ ಹೆಮ್ಮೆಯ ಸಂಗತಿ. ಬರೀ ಆಯಿಲ್ ಬದಲಿಸುವ ಮಿಸ್ತ್ರಿ ಎಂದು ಇಷ್ಟು ವರ್ಷ ಎನಿಸಿಕೊಂಡವರು ಈಗ ಹೊಸ ವಿದ್ಯೆಯಿಂದ ಹೆಸರು ಮಾಡುತ್ತಿದ್ದರು.

ಘಟ್ಟ ಏರತೊಡಗಿದೆವು. ಒಂಬೈನೂರು ದಾಟಿತು. ಒಂಬೈನೂರೈವತ್ತು ದಾಟಿತು. ನಮ್ಮವರು ಶಾಂತವಾಗಿ ಓದಿದರು: "ಸಾವಿರದ ಇಪ್ಪತ್ತೈದು. ಕಲ್ಯಾಣದ ಚಾಲುಕ್ಯರು ಬಂದ್ರು ನೋಡು." ನಾನು ಗಾಡಿಯನ್ನು ಬದಿಗೆ ಎಳೆದು ನಿಲ್ಲಿಸಿದೆ. ಹಿಂದಿನವರೆಲ್ಲ ಒಬ್ಬೊಬ್ಬರಾಗಿ ನಿಂತು ಇಳಿದು ಬಂದರು. ಉಸ್ತಾದ್ ಬಂದು ಬಾನೆಟ್ಟು ಎತ್ತಿದರು.

"ನನ್ನ ಇಂಜಿನ್ ಸುಟ್ಟ ಬಿಟ್ರಿ ಉಸ್ತಾದ್ ನೀವು" ಎಂದೆ. ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ.

ಅವರು ಕಣ್ಣು ಮುಚ್ಚಿ ಆಲಿಸಿದರು. "ಸುಟ್ಟ ಇಂಜಿನ್ ಹಿಂಗ ಮಾತಾಡೂದಿಲ್ರಿ ಅಕ್ಕಾರ. ಸಾವಿರದ ಮ್ಯಾಲೆ ಹೋಗಿತ್ತಂದ್ರ ಈ ಪೈಪಿನ ಬಣ್ಣಾನ ಬ್ಯಾರೆ ಇರತಿತ್ತು."

"ಬಣ್ಣ ನೋಡಿ ಹೇಳೂದು ಅಂದಾಜ್ರಿ. ನಂಬರ್ ಸುಳ್ಳ ಹೇಳೂದಿಲ್ಲ."

"ನಂಬರ್ ಹೇಳೂ ಮುಳ್ಳು ಸುಳ್ಳ ಹೇಳಬಹುದಲ್ರಿ?"

"ಅದಕ್ಕ ನಾ ಸಹಿ ಮಾಡೇನಿ" ಎಂದೆ.

ಬಿಸಿ ಅಳೆಯುವ ವಿಷಯದಲ್ಲಿ ನನ್ನ ಮಾತು ಈ ಬಳಗದಲ್ಲಿ ಕಡೆಯ ಮಾತು. ಹಲ್ಲಿನ ಡಾಕ್ಟರು ತಮ್ಮ ನೀಲಿ ಕಾರನ್ನೊಮ್ಮೆ, ನನ್ನ ತೆರೆದ ಬಾನೆಟ್ಟನ್ನೊಮ್ಮೆ ನೋಡಿ, "ಉಸ್ತಾದ್, ನಂದು ಮುಂದಿನ ವಾರ ಸದ್ಯ ಬ್ಯಾಡ ಬಿಡ್ರಿ, ನೋಡೂಣು" ಎಂದರು. ಉಳಿದಿಬ್ಬರು ಕಣಿವೆಯ ಕಡೆ ನೋಡತೊಡಗಿದರು. ಉಸ್ತಾದ್ ಕೈ ಒರೆಸಿಕೊಂಡರು, ಕೈಗೆ ಏನೂ ಹತ್ತಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಸರಿ ರಿ ಮೇಡಂ" ಎಂದರು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಮೇಡಂ. ಯಲ್ಲಾಪುರದಲ್ಲಿ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಸೋಮವಾರ ಶೆಡ್ಡಿಗೆ ಹೋದೆ. ಜಗಳಕ್ಕೆ ಹೋದೆನೋ, ರಾಜಿಗೆ ಹೋದೆನೋ, ಈಗಲೂ ಹೇಳಲಾರೆ. ಉಸ್ತಾದ್ ಲ್ಯಾಪ್‌ಟಾಪ್ ಹಚ್ಚಿ, ತಾವು ತಿದ್ದಿದ್ದನ್ನೆಲ್ಲ ಅಳಿಸಿ, "ಮೇಡಂ, ಕಂಪನಿಯಿಂದ ಹೆಂಗ ಬಂದಿತ್ತೋ ಹಂಗ ಮಾಡಿ ಕೊಟ್ಟೇನಿ. ಇನ್ನ ಮುಂದ ಬ್ಯಾರೆ ಕಡೆ ತೋರಸ್ರಿ" ಎಂದರು. ಎರಡೇ ವಾಕ್ಯ. ನಾನು ಯಾವಾಗ ಹೋದರೂ ಚಹಾ ಹೇಳದೆ ಬಿಡುತ್ತಿರಲಿಲ್ಲ. ಆವತ್ತು ಹೇಳಲಿಲ್ಲ.

ಆ ವಾರ ನಾನು ಅನುಭವಿಸಿದ ಕಳವಳ ನನಗೇ ಗೊತ್ತು. ಮನೆಯಲ್ಲಿ ಕೂತರೆ ಎದ್ದು ನಿಲ್ಲಬೇಕು ಅನಿಸುತ್ತಿತ್ತು, ನಿಂತರೆ ಓಡಾಡಬೇಕು ಅನಿಸುತ್ತಿತ್ತು. ಫ್ರಿಜ್ಜಿನ ಥರ್ಮಾಮೀಟರನ್ನು ದಿನಕ್ಕೆ ಆರು ಸಲ ನೋಡಿದೆ. ಒಂದು ಸಲ ನಾನೇ ಸರಿ ಅನಿಸುತ್ತಿತ್ತು, ಇನ್ನೊಂದು ಸಲ ಲುಂಗಿಯಲ್ಲಿ ಬೈಕು ಹತ್ತಿ ಬಂದ ಮನುಷ್ಯ ಕಣ್ಣ ಮುಂದೆ ಬರುತ್ತಿದ್ದರು. ಶುಕ್ರವಾರ ಸಂಜೆ ನಮ್ಮವರನ್ನು ಕರೆತರಲು ಧಾರವಾಡಕ್ಕೆ ಹೋಗಿ ಬರುವಾಗ ನವಲೂರಿನ ಏರಿನಲ್ಲಿ ಒಮ್ಮೆ ಪೆಡಲನ್ನು ಪೂರಾ ಒತ್ತಿ ನೋಡಿದೆ. ಒಂಬೈನೂರ ಎಂಬತ್ತು.

"ಇನ್ನೂ ಚಾಲುಕ್ಯರ ಅದಾರಲ್ಲ" ಎಂದರು ನಮ್ಮವರು. "ಉಸ್ತಾದ್ ತಮ್ಮ ಕೆಲಸಾ ಎಲ್ಲಾ ತಗದಾರ ಅಂತೀ. ಹಂಗಾದ್ರ ಇವರು ಯಾಕ ಹೋಗಿಲ್ಲ?"

ನಾನು ಗೇರು ಬದಲಿಸಿದೆ. ಅವರು ಕಿಟಕಿಯ ಹೊರಗೆ ನೋಡುತ್ತ, ಯಾರಿಗೋ ಹೇಳುವವರಂತೆ, "ಭಟ್ಟಿ ಬೈಯೂಕಿಂತ ಮೊದಲ ಏನೋ ಬೈಬೇಕಂತ ಒಬ್ಬಾಕಿ ನಿದ್ದ್ಯಾಗ ಅಂತಿರತಾಳ" ಎಂದರು.

ಶನಿವಾರ ಬೆಳಿಗ್ಗೆ ಎದ್ದವಳೇ ಎಲೆಕ್ಟ್ರಿಕ್ ಕೆಟಲು, ಉದ್ದನೆಯ ವೈರು, ನಟ್ಟು ಬಿಚ್ಚುವ ಪಾನಾ ಎಲ್ಲ ಹಿಡಿದು ಕಾರಿನ ಹತ್ತಿರ ಹೋದೆ. ತಣ್ಣಗಿದ್ದ ಕೊಳವೆಯಿಂದ ದಪ್ಪ ಕಡ್ಡಿಯನ್ನು ಬಿಚ್ಚಿದೆ. ಬಾನೆಟ್ಟಿನ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ಕೆಟಲು, ಕೆಟಲಿನಲ್ಲಿ ಕುದಿಯುವ ನೀರು, ನೀರಿನಲ್ಲಿ ಕಡ್ಡಿ. ನಮ್ಮವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಕೀಲಿ ತಿರುಗಿಸಲು ಹೇಳಿದೆ. ಅಷ್ಟರಲ್ಲಿ ಶಾಂತಕ್ಕ ಚೀಲ ಹಿಡಿದು ಹೊರಗೆ ಬಂದವರು ನಿಂತೇ ಬಿಟ್ಟರು.

"ಗಾಡಿಗೆ ಚಾ ಮಾಡಾಕತ್ತೀರೇನ್ರಿ?"

"ಹೂಂ ರಿ" ಎಂದೆ. ವಿವರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. "ಎಷ್ಟ ತೋರಸಾಕತ್ತೈತ್ರಿ?" ಎಂದು ನಮ್ಮವರನ್ನು ಕೇಳಿದೆ.

"ನೂರಾ ಹದಿನೆಂಟು."

"ಸರಿ ನೋಡ್ರಿ."

"ಸರಿನ ನೋಡೇನಿ. ನೂರಾ ಹದಿನೆಂಟು. ಶಾತವಾಹನರ ಕಾಲ."

ಮೊದಲು ಕೆಟಲನ್ನು ಅನುಮಾನಿಸಿದೆ. ಆಮೇಲೆ ನಲ್ಲಿ ನೀರನ್ನು ಅನುಮಾನಿಸಿದೆ. ಈ ಊರಿನ ಎತ್ತರಕ್ಕೆ ನೀರು ನೂರಕ್ಕಿಂತ ಎರಡು ಡಿಗ್ರಿ ಕಡಿಮೆಗೇ ಕುದಿಯುತ್ತದೆ ಎಂದು ಇಪ್ಪತ್ತೆರಡು ವರ್ಷದಿಂದ ಪಾಠ ಹೇಳಿದವಳು, ನಿಂತ ನಿಲುವಿನಲ್ಲಿ ನೀರೇ ತಪ್ಪು ಮಾಡಿರಬಹುದು ಎಂದು ಯೋಚಿಸಿದೆ. ಒಳಗೋಡಿ ಗಾಜಿನ ಥರ್ಮಾಮೀಟರ್ ತಂದು ಅದ್ದಿದೆ. ತೊಂಬತ್ತೆಂಟು. ನೀರು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಹಳದಿ ಪ್ಲಗ್ಗನ್ನು ಬಿಚ್ಚಿ ನೋಡಿದ್ದು ಆಗ. ಒಳಗೆ ಎರಡು ತಂತಿ. ಒಂದಕ್ಕೆ ಕೆಂಪು ತುಕ್ಕು ಹಿಡಿದಿತ್ತು. ತುಕ್ಕು ಹಿಡಿಯಬೇಕೆಂದರೆ ಅದು ಕಬ್ಬಿಣ, ಕಬ್ಬಿಣ ಇದ್ದರೆ ಅದು ಜೆ. ಕಪ್ಪು ಪ್ಲಗ್ಗು ಇರಬೇಕಾದಲ್ಲಿ ಹಳದಿ ಹಾಕಿದವರು ಯಾರು ಎಂದು ಸಿಟ್ಟಿನಿಂದ ತಿರುಗಿಸಿ ನೋಡಿದರೆ, ಸ್ಕ್ರೂವಿನ ಮೇಲೆ ಉಗುರು ಬಣ್ಣದ ಒಂದು ಚುಕ್ಕಿ. ಕಾರ್ಖಾನೆಯಲ್ಲಿ ಸ್ಕ್ರೂವಿಗೆ ಉಗುರು ಬಣ್ಣದ ಗುರುತು ಹಾಕುವವಳು ನಾನೊಬ್ಬಳೇ. ನೆನಪಾಯಿತು. ನಾಲ್ಕು ವರ್ಷದ ಹಿಂದೆ ಒಂದು ದಿನ ಕಪ್ಪು ಪ್ಲಗ್ಗು ಮುಗಿದಿತ್ತು, ಭಟ್ಟಿ ನಿಲ್ಲಬಾರದಿತ್ತು, ಇದ್ದ ಹಳದಿಯನ್ನೇ ಹಾಕಿ, ಇದು ಜೆ ಎಂಬ ಚೀಟಿಯನ್ನು ನಾಳೆ ಅಂಟಿಸೋಣ ಎಂದುಕೊಂಡಿದ್ದೆ. ಆ ನಾಳೆ ಇವತ್ತು ನಮ್ಮ ಮನೆಯ ಮುಂದೆ ಬಂದಿತ್ತು.

ನನಗೆ ನಾಚಿಕೆಯಾಯಿತು. ಸ್ಟೂಲಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ, ಅಳು ಬಂತು. ಇಂಜಿನ್ ಸುಟ್ಟಿರಲಿಲ್ಲ. ಸುಟ್ಟದ್ದು ಹನ್ನೊಂದು ವರ್ಷದ ಅಕ್ಕಾರ. ಅದೂ ಹತ್ತು ಜನರ ಮುಂದೆ, ನನ್ನ ಸಹಿಯ ಆಧಾರದ ಮೇಲೆ. ನಮ್ಮವರು ಕೀಲಿ ತೆಗೆದು ಇಳಿದು ಬಂದು ಪಕ್ಕದಲ್ಲಿ ನಿಂತರು. "ನೀರು ಹೆಂಗೂ ಕುದ್ದಾವ, ಚಾ ಮಾಡ್ತಿ ಏನು?" ಎಂದರು. ಹೊಗೆ ಕೊಳವೆಯಲ್ಲಿದ್ದ ಕಡ್ಡಿ ಅದ್ದಿದ ನೀರು ಅದು ಎಂದು ನೆನಪಿಸಬೇಕಾಯಿತು.

ಬಳಗದ ವಾಟ್ಸಾಪ್ ಗುಂಪಿಗೆ ಬರೆಯಲು ಕೂತೆ. ಮೊದಲು ಬರೆದದ್ದರಲ್ಲಿ ಪ್ಲಗ್ಗಿನ ಬಣ್ಣದ್ದು ತಪ್ಪು ಎಂದಿತ್ತು. ಅಳಿಸಿದೆ. ಎರಡನೆಯದರಲ್ಲಿ 'ತಾಂತ್ರಿಕ ಕಾರಣಗಳಿಂದ' ಎಂದಿತ್ತು. ನಮ್ಮವರು ಹೆಗಲ ಮೇಲಿಂದ ಓದಿ, "ಸೋತ ರಾಜರು ಹಿಂಗ ಶಾಸನ ಬರಸ್ತಾರ" ಎಂದರು. ಅದನ್ನೂ ಅಳಿಸಿದೆ. ಕೊನೆಗೆ ಇಷ್ಟೇ ಬರೆದೆ: 'ಕಡ್ಡಿ ನಾನು ತಂದದ್ದು, ತಪ್ಪು ಕಡ್ಡಿ. ಪರೀಕ್ಷೆ ಮಾಡದೆ ಸಹಿ ಹಾಕಿದ್ದೂ ನಾನೇ. ಉಸ್ತಾದರ ಕೆಲಸ ಮೊದಲಿನಿಂದಲೂ ಸರಿ ಇತ್ತು. ಘಟ್ಟದಲ್ಲಿ ಆಡಿದ ಮಾತು ತಪ್ಪು.' ಕಳಿಸಿದ ಮೇಲೆ ಫೋನು ಕೆಳಗಿಡಲಾಗಲಿಲ್ಲ. ಮೂವರು ಹೆಬ್ಬೆರಳು ತೋರಿಸಿದರು. ಒಬ್ಬರು ಕೈ ಮುಗಿದರು, ನನಗೋ ಉಸ್ತಾದರಿಗೋ ತಿಳಿಯಲಿಲ್ಲ. ಉಸ್ತಾದ್ ನೋಡಿದ್ದು ಗೊತ್ತಾಯಿತು, ಉತ್ತರ ಬರಲಿಲ್ಲ. ಹಲ್ಲಿನ ಡಾಕ್ಟರಿಗೆ ಫೋನು ಮಾಡಿದೆ. ಅವರು ಆಗಲೇ ಗಾಡಿಯನ್ನು ಬೆಳಗಾವಿಯ ಬೇರೊಬ್ಬ ಮಿಸ್ತ್ರಿಗೆ ಕೊಟ್ಟು ಬಂದಿದ್ದರು. "ಇರ್ಲಿ ಬಿಡ್ರಿ, ಮುಂದಿನ ಸಲ ನೋಡೂಣು" ಎಂದರು. ಹಲ್ಲು ಕೀಳಿಸಿಕೊಂಡವರಿಗೆ ಹೇಳುವ ಹಾಗೆ ಮೃದುವಾಗಿ ಹೇಳಿದರು.

ಮಧ್ಯಾಹ್ನ ಶೆಡ್ಡಿಗೆ ಹೋದೆ. ಉಸ್ತಾದ್ ಒಂದು ಗಾಡಿಯ ಕೆಳಗಿದ್ದರು, ಕಾಲಷ್ಟೇ ಕಾಣುತ್ತಿತ್ತು. ನಾನು ಆ ಕಾಲುಗಳಿಗೇ ಹೇಳಿದೆ.

"ತಪ್ಪಾತ್ರಿ ಉಸ್ತಾದ್. ಕಡ್ಡಿನ ಇವತ್ತ ಕುದಿಯೂ ನೀರಾಗ ಅದ್ದಿ ನೋಡಿದೆ. ಗುಂಪಿನ್ಯಾಗ ಬರದೇನಿ. ಆದ್ರ ಡಾಕ್ಟರ ಗಾಡಿ ಹೋತು, ಅದು ನನ್ನ ಸಲುವಾಗಿ ಹೋತು."

"ಹೋಗ್ಲಿ ಬಿಡ್ರಿ" ಎಂದಿತು ಗಾಡಿಯ ಕೆಳಗಿನ ದನಿ. ಅಕ್ಕಾರ ಇಲ್ಲ, ಮೇಡಂ ಇಲ್ಲ. ಯಾವುದೂ ಇಲ್ಲದ ಮಾತು ಮೇಡಂಗಿಂತ ಹೆಚ್ಚು ಚುಚ್ಚಿತು. ಪಾನಾ ತಿರುಗುವ ಸದ್ದು ಕೇಳುತ್ತಿತ್ತು. ನಾನು ಹೋಗಲಿಲ್ಲ, ನಿಂತೇ ಇದ್ದೆ. ಬಹಳ ಹೊತ್ತಿನ ಮೇಲೆ ಸದ್ದು ನಿಂತಿತು.

"ನೀರು ಎಷ್ಟಕ್ಕ ಕುದ್ದಾವ್ರಿ?"

"ನೂರಾ ಹದಿನೆಂಟಕ್ಕ."

ಕಾಲುಗಳು ಅಲುಗಾಡತೊಡಗಿದವು. ಉಸ್ತಾದ್ ನಗುತ್ತಿದ್ದರು. ಹೊರಗೆ ಬರುವಾಗ ತಲೆಯನ್ನು ಗಾಡಿಗೆ ಬಡಿಸಿಕೊಂಡು, ಅದಕ್ಕೂ ನಕ್ಕರು. ಎದುರಿನ ಅಂಗಡಿಗೆ ಕೂಗಿ, "ಎರಡು ಚಾ ಕಳಸ್ರಿ, ನೂರಾ ಹದಿನೆಂಟ ಡಿಗ್ರೀದು" ಎಂದರು. ಡಬ್ಬಿ ತೆರೆದು ಅರಿವೆಯಲ್ಲಿ ಸುತ್ತಿಟ್ಟಿದ್ದ ಸಪೂರ ಕಡ್ಡಿಯನ್ನು ತೆಗೆದರು. ಬೇರೆಯವರಾಗಿದ್ದರೆ ಸಿಟ್ಟಿನಲ್ಲಿ ಎಂದೋ ಬಿಸಾಡಿರುತ್ತಿದ್ದರು. ಈ ಸಲ ನಾನು ಅದನ್ನು ಮೊದಲು ಚಹಾದಂಗಡಿಯ ಕುದಿಯುವ ನೀರಿನಲ್ಲಿ ಅದ್ದಿ ನೋಡಿದೆ. ತೊಂಬತ್ತೆಂಟು. ಉಸ್ತಾದ್ ದೊಡ್ಡ ತೂತನ್ನು ಕಿರಿದು ಮಾಡಲು ಒಂದು ಸಣ್ಣ ಬುಷ್ ಕೂರಿಸಿ ಕಡ್ಡಿಯನ್ನು ಬಿಗಿದರು, ಅಳಿಸಿದ್ದನ್ನೆಲ್ಲ ಲ್ಯಾಪ್‌ಟಾಪಿನಿಂದ ಮತ್ತೆ ತುಂಬಿದರು.

ಇಬ್ಬರೂ ನವಲೂರಿನ ಏರಿಗೆ ಹೋದೆವು. ಪೆಡಲನ್ನು ಪೂರಾ ಒತ್ತಿದೆ. ಉಸ್ತಾದ್ ಗೇಜಿನ ಕಡೆ ನೋಡಲಿಲ್ಲ, ಕಣ್ಣು ಮುಚ್ಚಿ ಕೂತಿದ್ದರು. ಏರಿನ ತಲೆಯಲ್ಲಿ, "ಎಷ್ಟಂತ್ರಿ?" ಎಂದರು.

"ಏಳನೂರಾ ನಲವತ್ತು."

"ಹೂಂ" ಎಂದರು, ಅವರಿಗೆ ಮೊದಲೇ ಗೊತ್ತಿದ್ದ ಹಾಗೆ. ಅದು ಯಾರ ಕಾಲ ಎಂದು ನಮ್ಮವರ ಸಹವಾಸದಿಂದ ನನಗೂ ಗೊತ್ತಾಗಿತ್ತು. ಚಾಲುಕ್ಯರು ಎಂದದ್ದು ನಿಜವೇ, ಆದರೆ ಕಲ್ಯಾಣದವರಲ್ಲ, ಬಾದಾಮಿಯವರು.

ಗಾಡಿ ಬದಿಗೆ ನಿಲ್ಲಿಸಿ, ಚೀಲದಿಂದ ಕೆಂಪು ಸ್ಟಿಕ್ಕರ್ ತೆಗೆದು ದಪ್ಪ ಕಡ್ಡಿಗೆ ಅಂಟಿಸಿದೆ. ಉಸ್ತಾದ್ ನೋಡುತ್ತಿದ್ದರು. "ಹಸಿರೂ ಒಂದ ಕೊಡ್ರಿ" ಎಂದರು. ಕೊಟ್ಟೆ. "ಸಹಿ ಮಾಡ್ರಿ." ಮಾಡಿದೆ. ಅವರು ಅದನ್ನು ಗೇಜಿನ ಹಿಂದೆ ಅಂಟಿಸಲಿಲ್ಲ. ಮುಂದೆ, ಮುಳ್ಳು, ಅಂಕಿ ಎಲ್ಲ ಮುಚ್ಚುವ ಹಾಗೆ, ಗಾಜಿನ ನಟ್ಟ ನಡುವೆ ಅಂಟಿಸಿ ಹೆಬ್ಬೆರಳಿನಿಂದ ತೀಡಿದರು.

"ಈಗ ರಸ್ತಾ ನೋಡ್ರಿ ಅಕ್ಕಾರ" ಎಂದರು.

ಅಕ್ಕಾರ ಎಂದದ್ದು ಕೇಳಿ ಕಣ್ಣು ತುಂಬಿ, ಸ್ವಲ್ಪ ಹೊತ್ತು ರಸ್ತೆಯೂ ಕಾಣಲಿಲ್ಲ. ಅವರನ್ನು ಗೋಕುಲ ರಸ್ತೆಯಲ್ಲಿ ಬಿಟ್ಟು ಮನೆಯ ಕಡೆ ಹೊರಟೆ. ಎಷ್ಟೋ ದಿನಗಳ ಮೇಲೆ ಗಾಡಿಯನ್ನು ಗಾಡಿಯ ಹಾಗೆ ಓಡಿಸಿದೆ. ಹಾಲಿನ ಸ್ಕೂಟರೊಂದನ್ನು ದಾಟಿದೆ. ಉಣಕಲ್ಲಿನವರೆಗೆ ಬಹಳ ಸುಖವಾಗಿತ್ತು. ಅಲ್ಲಿ ಸಿಗ್ನಲ್ಲು ಬಿತ್ತು. ಬೆರಳು ತಾನಾಗಿಯೇ ಹೋಗಿ ಸ್ಟಿಕ್ಕರಿನ ಒಂದು ಮೂಲೆಯನ್ನು ಎತ್ತಿತು. ಉಸ್ತಾದರ ಮೇಲಾಗಲಿ, ಅವರ ಕಡ್ಡಿಯ ಮೇಲಾಗಲಿ ನನಗೆ ಈಗ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಆ ಸ್ಟಿಕ್ಕರಿನ ಮೇಲೆ ಇದ್ದದ್ದು ನನ್ನ ಸಹಿ.